ಇಳಿಯುವ ಮೊದಲು ಗಾಳಿಯ ಲೆಕ್ಕ: ಕಾಕ್‌ಪಿಟ್ಟಿನಲ್ಲಿ ಇಬ್ಬರೂ ಹೊರಬೇಕಾದ ಪೂರ್ತಿ ಹೊಣೆ

ಬೆಳಗಿನ ಜಾವ ಐದೂವರೆ. ಗಲ್ಫ್‌ನಿಂದ ಬಂದ ವಿಮಾನವೊಂದು ಮಂಗಳೂರಿನ ರನ್‌ವೇ 24ರ (240 ಡಿಗ್ರಿಗೆ, ಅಂದರೆ ನೈಋತ್ಯಕ್ಕೆ ಮುಖ ಮಾಡಿದ ರನ್‌ವೇ) ಕಡೆಗೆ ಇಳಿಯುತ್ತಿದೆ. ನಿಲ್ದಾಣದ ಕಂಟ್ರೋಲ್ ಟವರ್‌ನಿಂದ ಮಾತು ಬರುತ್ತದೆ: ಗಾಳಿ 080 ಡಿಗ್ರಿ, 11 ನಾಟ್, ಇಳಿಯಲು ಅನುಮತಿ ಇದೆ. ಅಂದರೆ ಗಾಳಿ ಮೂಡಣದಿಂದ ಬೀಸುತ್ತಿದೆ; ನಾಟ್ ಎನ್ನುವುದು ವೇಗದ ಅಳತೆ, ಗಂಟೆಗೆ ಸುಮಾರು 1.85 ಕಿಲೋಮೀಟರ್. ಈ ವಿಮಾನದ ಬೆನ್ನುಗಾಳಿಯ (ಹಿಂದಿನಿಂದ ತಳ್ಳುವ ಗಾಳಿ, ಟೇಲ್‌ವಿಂಡ್) ಮಿತಿ 10 ನಾಟ್ ಎಂದಿಟ್ಟುಕೊಳ್ಳಿ. ಇಳಿಯಬಹುದೇ? ಅದನ್ನು ಹೇಳಬೇಕಾದವರು ಯಾರು? ಎಡಗಡೆ ಕೂತ ಕ್ಯಾಪ್ಟನ್ನೋ, ಬಲಗಡೆ ಕೂತ ಫಸ್ಟ್ ಆಫೀಸರೋ, ಅನುಮತಿ ಕೊಟ್ಟ ಟವರೋ?

ಕೆಲಸದ ಕೊನೆಯ ವರ್ಷಗಳಲ್ಲಿ ಸಿಮ್ಯುಲೇಟರಿನಲ್ಲಿ, ಅಂದರೆ ನೆಲದ ಮೇಲಿನ ಅಣಕು ಕಾಕ್‌ಪಿಟ್ಟಿನಲ್ಲಿ, ಕೋ-ಪೈಲಟ್‌ಗಳಿಗೆ (ಫಸ್ಟ್ ಆಫೀಸರ್‌ಗಳಿಗೆ) ಕಲಿಸುತ್ತಿದ್ದಾಗ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಇದು. ಬಹುತೇಕ ಎಲ್ಲರೂ "ಕ್ಯಾಪ್ಟನ್" ಎನ್ನುತ್ತಿದ್ದರು. ಕಾನೂನಿನ ಪ್ರಕಾರ ಕೊನೆಯ ತೀರ್ಮಾನ ಕ್ಯಾಪ್ಟನ್ನರದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಳಿ ಮಿತಿಯೊಳಗಿದೆಯೇ ಎಂದು ನೋಡುವ ಹೊಣೆ ಬೇರೆ. ಅದನ್ನು ನೀನರ್ಧ ನಾನರ್ಧ ಎಂದು ಪಾಲು ಮಾಡಲು ಬರುವುದಿಲ್ಲ. ಇಬ್ಬರ ಮೇಲೂ ಪೂರ್ತಿಯಾಗಿಯೇ ಇರುತ್ತದೆ.

ಪೈಲಟ್ ಆಗಲು ಹೊರಟಿರುವ ನಮ್ಮೂರಿನ ಮಕ್ಕಳಿಗಾಗಿ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ಕೆಂಜಾರಿನ ವಿಮಾನ ನಿಲ್ದಾಣದ ಹೊರಗೆ ಗಲ್ಫ್‌ನಿಂದ ಬರುವವರಿಗಾಗಿ ಕಾಯುವ ಮನೆಯವರೂ ಓದಲಿ. ವಿಮಾನವೊಂದು ಇಳಿಯದೆ ಮತ್ತೆ ಮೇಲೇರಿ ಹೋದರೆ (ಪೈಲಟ್‌ಗಳು ಇದನ್ನು ಗೋ ಅರೌಂಡ್ ಎನ್ನುತ್ತಾರೆ) ಒಳಗೆ ಏನು ನಡೆದಿರುತ್ತದೆಂದು ಅವರಿಗೂ ಗೊತ್ತಿರಬೇಕು.

ಮೊದಲು ತಿಳಿಯಬೇಕಾದದ್ದು: ಹಾರಿಸುವವರು, ಕಾಯುವವರು

ಕ್ಯಾಪ್ಟನ್, ಫಸ್ಟ್ ಆಫೀಸರ್ ಎನ್ನುವುದು ಹುದ್ದೆ. ಹಾರಾಟದ ಹೊತ್ತಿಗೆ ಅದರ ಮೇಲೆ ಇನ್ನೊಂದು ಹಂಚಿಕೆ ಇರುತ್ತದೆ. ಒಬ್ಬರು ಪೈಲಟ್ ಫ್ಲೈಯಿಂಗ್, ಅಂದರೆ ಹಾರಿಸುವವರು. ಇನ್ನೊಬ್ಬರು ಪೈಲಟ್ ಮಾನಿಟರಿಂಗ್, ರೇಡಿಯೊ ನೋಡಿಕೊಂಡು, ಚೆಕ್‌ಲಿಸ್ಟ್ ಓದಿ, ಹಾರಿಸುವವರ ಕೈ ಮತ್ತು ಉಪಕರಣಗಳ ಮೇಲೆ ಕಣ್ಣಿಡುವವರು. ಮೊದಲು ಈ ಎರಡನೆಯವರನ್ನು "ಪೈಲಟ್ ನಾಟ್ ಫ್ಲೈಯಿಂಗ್" ಎನ್ನುತ್ತಿದ್ದರು. ಹಾರಿಸದವರು ಎಂದರೆ ಕೆಲಸ ಇಲ್ಲದವರು ಎಂಬಂತೆ ಕೇಳುತ್ತದೆ. ಹೆಸರು ಬದಲಾದದ್ದು ಅದಕ್ಕೇ. ಕಾಯುವುದು ಒಂದು ಪೂರ್ಣ ಕೆಲಸ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ನಾನು ಅಳಿವೆ ಬಾಗಿಲಿನ ಮಾತು ತರುತ್ತೇನೆ. ಮೀನಿನ ದೋಣಿ ಕಡಲಿನಿಂದ ಬೆಂಗ್ರೆಯ ಅಳಿವೆಗೆ ನುಗ್ಗುವಾಗ ಚುಕ್ಕಾಣಿ ತಂಡೇಲನ ಕೈಯಲ್ಲಿರುತ್ತದೆ. ದೋಣಿಯ ಮುಂಭಾಗದಲ್ಲಿ ನಿಂತವನು ಅಲೆ ಎಲ್ಲಿ ಒಡೆಯುತ್ತಿದೆ, ಮರಳದಿಣ್ಣೆ ಎಲ್ಲಿದೆ ಎಂದು ನೋಡಿ ಕೂಗಿ ಹೇಳಬೇಕು. ತಂಡೇಲ ವಯಸ್ಸಿನಲ್ಲಿ ದೊಡ್ಡವನು, ಅವನಿಗೆ ಗೊತ್ತಿಲ್ಲದ್ದೇನು ಎಂದು ಮುಂದೆ ನಿಂತವನು ಸುಮ್ಮನಿದ್ದರೆ ದೋಣಿ ಇಬ್ಬರನ್ನೂ ಹೊತ್ತುಕೊಂಡೇ ಮಗುಚುತ್ತದೆ.

ಮಂಗಳೂರಿನಲ್ಲಿ ಈ ಕಾಯುವವರ ತೂಕ ಇನ್ನೂ ಹೆಚ್ಚು. ನಮ್ಮದು ಗುಡ್ಡದ ನೆತ್ತಿ ಸವರಿ ಮಾಡಿದ ರನ್‌ವೇ. ಉದ್ದ 2450 ಮೀಟರ್, ಅಂದರೆ 8038 ಅಡಿ. ಅದರಾಚೆ ಕಣಿವೆ. ಇಂಥ ಕಡೆ ಇಳಿಸುವ ಕೆಲಸ ಕ್ಯಾಪ್ಟನ್ನರದ್ದೇ ಎಂದು ವಿಮಾನ ಕಂಪನಿಗಳು ನಿಯಮ ಮಾಡುವುದುಂಟು. ಆಗ ಬಲಗಡೆ ಕೂತವರು ಯಾವಾಗಲೂ ಕಾಯುವವರೇ ಆಗಿರುತ್ತಾರೆ, ಯಾವಾಗಲೂ ಕಿರಿಯರೇ ಆಗಿರುತ್ತಾರೆ. ಹಿರಿಯರ ತಪ್ಪನ್ನು ಕಿರಿಯರು ಎತ್ತಿ ಹೇಳಬೇಕಾದ ಜಾಗ ಇದು.

ಹಂತ 1: ಕೆಳಗಿಳಿಯಲು ತೊಡಗುವ ಮೊದಲೇ ಗಾಳಿ ತರಿಸಿಕೊಳ್ಳಿ

ವಿಮಾನ ಇನ್ನೂ ಎತ್ತರದಲ್ಲಿದ್ದು ಆಟೊಪೈಲಟ್ ಹಾರಿಸುತ್ತಿರುವಾಗಲೇ ಈ ಕೆಲಸ ಮುಗಿಯಬೇಕು. ಕಾಯುವವರು ಹವಾಮಾನ ವರದಿ ತೆಗೆದುಕೊಂಡು ಕೈಯಲ್ಲಿ ಬರೆದುಕೊಳ್ಳಲಿ. ಹಾರಿಸುವವರು ಅದನ್ನು ತಾವೇ ಓದಲಿ. ಬಾಯಿಮಾತಿನಲ್ಲಿ ಕೇಳಿ "ಸರಿ" ಎನ್ನುವುದು ಓದಿದ್ದಕ್ಕೆ ಸಮ ಅಲ್ಲ.

ವರದಿಯ ಗಾಳಿ ಮತ್ತು ಟವರ್ ಹೇಳುವ ಗಾಳಿ ಒಂದೇ ಅಲ್ಲ ಎಂಬುದನ್ನು ಇಬ್ಬರೂ ನೆನಪಿಡಬೇಕು. ಅರ್ಧ ಗಂಟೆಗೊಮ್ಮೆ ಬರುವ ಮೆಟಾರ್ ಎಂಬ ನಿಲ್ದಾಣದ ಹವಾಮಾನ ವರದಿಯಲ್ಲಿರುವುದು 10 ನಿಮಿಷದ ಸರಾಸರಿ ಗಾಳಿ. ಟವರ್ ಹೇಳುವುದು 2 ನಿಮಿಷದ ಸರಾಸರಿ. ಮೆಟಾರ್‌ನಲ್ಲಿ ದಿಕ್ಕು ನಿಜ ಉತ್ತರದಿಂದ ಎಣಿಸಿದ್ದು, ಟವರ್‌ನದ್ದು ದಿಕ್ಸೂಚಿಯ ಉತ್ತರದಿಂದ. ನಮ್ಮ ಕರಾವಳಿಯಲ್ಲಿ ಆ ವ್ಯತ್ಯಾಸ ತೀರ ಸಣ್ಣದು, ತಲೆಕೆಡಿಸಿಕೊಳ್ಳಬೇಕಿಲ್ಲ. ತಲೆಕೆಡಿಸಿಕೊಳ್ಳಬೇಕಾದದ್ದು ಗಾಳಿಯ ಹೊಡೆತ, ಅಂದರೆ ಗಸ್ಟ್. ಸರಾಸರಿಗಿಂತ 10 ನಾಟ್ ಅಥವಾ ಹೆಚ್ಚು ಏರಿದರೆ ಮಾತ್ರ ಅದು ಮೆಟಾರ್‌ನಲ್ಲಿ ಬರುತ್ತದೆ. ಸರಾಸರಿ 18 ಇದ್ದು ಆಗೊಮ್ಮೆ ಈಗೊಮ್ಮೆ 27ರವರೆಗೆ ಹೊಡೆದರೂ ವರದಿಯಲ್ಲಿ ಬರೇ 18 ಕಾಣುತ್ತದೆ. ಗಸ್ಟ್ ಬರೆದಿಲ್ಲ ಎಂದರೆ ಗಾಳಿ ಸಮನಾಗಿದೆ ಎಂದು ಅರ್ಥ ಮಾಡಬಾರದು.

ರನ್‌ವೇ ಒದ್ದೆಯೋ ಒಣಗಿದೆಯೋ ಎಂಬುದನ್ನೂ ಜೊತೆಗೇ ಕೇಳಿ, ಮಿತಿ ಅದರ ಮೇಲೆ ನಿಂತಿದೆ. 2021ರ ನವೆಂಬರ್‌ನಿಂದ ಜಗತ್ತಿನಾದ್ಯಂತ ರನ್‌ವೇ ಸ್ಥಿತಿಗೆ 6ರಿಂದ 0ವರೆಗೆ ಅಂಕ ಕೊಡುವ ಪದ್ಧತಿ ಬಂದಿದೆ. ಒಣಗಿದ್ದರೆ 6, ಸಾಮಾನ್ಯ ಒದ್ದೆಯಾದರೆ 5, ನೀರು 3 ಮಿಲಿಮೀಟರಿಗಿಂತ ಹೆಚ್ಚು ನಿಂತಿದ್ದರೆ ಒಮ್ಮೆಲೇ 2. ನಮ್ಮ ಆಟಿ ತಿಂಗಳ ಮಳೆ ಕಂಡವರಿಗೆ 5ರಿಂದ 2ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕೆಂದು ಹೇಳಬೇಕಿಲ್ಲ.

ಇಲ್ಲಿನ ಗಾಳಿಯ ಸ್ವಭಾವ ಊರಿನವರಿಗೆ ಗೊತ್ತಿರುವುದೇ. ಮಧ್ಯಾಹ್ನ ಪಡುವಣ ಕಡಲಿನಿಂದ ಗಾಳಿ ಬರುತ್ತದೆ. ರನ್‌ವೇ 24 ನೈಋತ್ಯಕ್ಕೆ ಮುಖ ಮಾಡಿದೆಯಾದ್ದರಿಂದ ಅದು ಎದುರುಗಾಳಿ, ಜೊತೆಗೆ ಸ್ವಲ್ಪ ಅಡ್ಡಗಾಳಿ. ರಾತ್ರಿ ಕಳೆದು ಬೆಳಗಿನ ಜಾವಕ್ಕೆ ನೆಲದ ಕಡೆಯಿಂದ ಮೂಡಣ ಗಾಳಿ ಹೊರಡುತ್ತದೆ. ಅದೇ ರನ್‌ವೇಗೆ ಅದು ಬೆನ್ನುಗಾಳಿ. ಸಾಮಾನ್ಯವಾಗಿ ಮೆಲ್ಲಗೇ ಇರುತ್ತದೆ. ನಾನು ಹೆದರುತ್ತಿದ್ದದ್ದು ಎಪ್ರಿಲ್-ಮೇ ಮತ್ತು ಅಕ್ಟೋಬರಿನ ಸಂಜೆಗಳಿಗೆ. ಘಟ್ಟದ ಮೇಲೆ ಕಟ್ಟಿದ ಗುಡುಗುಮೋಡ ಪಡುವಣಕ್ಕೆ ಸರಿದು ಬರುತ್ತದೆ. ಅದರ ಕೆಳಗಿನಿಂದ ನುಗ್ಗುವ ತಣ್ಣನೆಯ ಗಾಳಿ, ಅಷ್ಟು ಹೊತ್ತು ಬೀಸುತ್ತಿದ್ದ ಕಡಲಗಾಳಿಯನ್ನು ಕೆಲವೇ ನಿಮಿಷಗಳಲ್ಲಿ ತಿರುಗಿಸಿಬಿಡುತ್ತದೆ. ಮೂಡುಗಡೆ ಕಪ್ಪಗೆ ಕಟ್ಟಿದ್ದರೆ, ಅರ್ಧ ಗಂಟೆ ಹಳೆಯ ವರದಿಯ ಮೇಲೆ ಮಾಡಿದ ಲೆಕ್ಕವನ್ನು ನಂಬಿ ಕೂರಬೇಡಿ.

ಹಂತ 2: ಮಿತಿ ಯಾವುದೆಂದು ಒಪ್ಪಿಕೊಳ್ಳಿ

ಮಿತಿಗಳು ಒಂದೇ ಕಡೆ ಇರುವುದಿಲ್ಲ. ವಿಮಾನ ತಯಾರಕರದ್ದು ಒಂದು, ಕಂಪನಿಯದ್ದು ಇನ್ನೊಂದು, ಒದ್ದೆ ರನ್‌ವೇಗೆ ಮತ್ತೊಂದು, ಫಸ್ಟ್ ಆಫೀಸರ್ ಇಳಿಸುವುದಾದರೆ ಹಲವು ಕಂಪನಿಗಳಲ್ಲಿ ಅದಕ್ಕೂ ಕಡಿಮೆ. ಏರ್‌ಬಸ್ ಎ320 ವಿಮಾನಕ್ಕೆ ತಯಾರಕರು ಇಳಿಸಿ ತೋರಿಸಿದ ಅಡ್ಡಗಾಳಿ ಗಸ್ಟ್ ಸೇರಿ 38 ನಾಟ್. ಈ ಸಂಖ್ಯೆ ಬಾಯಿಪಾಠ ಮಾಡಿದವರು ಬಹಳ ಮಂದಿ ಇದ್ದಾರೆ. ಅದು ಒಳ್ಳೆಯ ಸ್ಥಿತಿಯ ರನ್‌ವೇಗೆ ಹೇಳಿದ್ದು ಎಂಬುದು ಮಾತ್ರ ಮರೆತುಹೋಗುತ್ತದೆ. ನೀರು ನಿಂತ ರನ್‌ವೇಗೆ ಅದು ಬಹಳಷ್ಟು ಇಳಿಯುತ್ತದೆ. ಬೆನ್ನುಗಾಳಿಗೆ ಸಾಮಾನ್ಯವಾಗಿ ಕಾಣುವ ಮಿತಿ 10 ನಾಟ್. ಕೆಲವು ವಿಮಾನಗಳಿಗೆ 15ರವರೆಗೆ ಒಪ್ಪಿಗೆ ಇದೆ.

ಆ ದಿನ, ಆ ವಿಮಾನಕ್ಕೆ, ಆ ರನ್‌ವೇ ಸ್ಥಿತಿಗೆ ಎಲ್ಲಕ್ಕಿಂತ ಕಡಿಮೆ ಇರುವ ಸಂಖ್ಯೆ ಯಾವುದೋ ಅದೇ ನಿಮ್ಮ ಮಿತಿ. ಗಸ್ಟ್ ಸೇರಿಸಬೇಕೇ ಬೇಡವೇ ಎಂಬುದನ್ನೂ ಕಂಪನಿಯ ಪುಸ್ತಕ ನೋಡಿ ಈಗಲೇ ತೀರ್ಮಾನಿಸಿ. ಪುಸ್ತಕ ಸ್ಪಷ್ಟ ಹೇಳದಿದ್ದರೆ ಸೇರಿಸಿಯೇ ಲೆಕ್ಕ ಹಾಕಿ. ಇಬ್ಬರೂ ಅದನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಎದುರಿಗಿಟ್ಟುಕೊಳ್ಳಿ: ಬೆನ್ನು 10, ಅಡ್ಡ ಇಷ್ಟು.

ಹಂತ 3: ಲೆಕ್ಕ ಇಬ್ಬರೂ ಬೇರೆ ಬೇರೆ ಹಾಕಿ

ಈಗ ಲೆಕ್ಕ ಹಾಕಲು ಟ್ಯಾಬ್ಲೆಟ್ ಇದೆ. ಆದರೂ ತಲೆಯಲ್ಲಿ ಹಾಕಲು ಬರಲೇಬೇಕು, ಏಕೆಂದರೆ 500 ಅಡಿಯಲ್ಲಿ ಯಾರೂ ಟ್ಯಾಬ್ಲೆಟ್ ತೆರೆಯುವುದಿಲ್ಲ. ಅದಕ್ಕೆ ಪೈಲಟ್‌ಗಳ ಹಳೆಯ ಉಪಾಯ ಗಡಿಯಾರದ ಲೆಕ್ಕ.

ರನ್‌ವೇಯ ದಿಕ್ಕಿಗೂ ಗಾಳಿಯ ದಿಕ್ಕಿಗೂ ಎಷ್ಟು ಡಿಗ್ರಿ ಅಂತರ ಎಂದು ನೋಡಿ. ಆ ಡಿಗ್ರಿಯನ್ನು ನಿಮಿಷ ಎಂದುಕೊಳ್ಳಿ. 15 ನಿಮಿಷ ಎಂದರೆ ಕಾಲು ಗಂಟೆ, ಹಾಗಾಗಿ ಗಾಳಿಯ ಕಾಲು ಭಾಗ ಅಡ್ಡಗಾಳಿ. 30 ಆದರೆ ಅರ್ಧ. 45 ಆದರೆ ಮುಕ್ಕಾಲು. 60 ಮತ್ತು ಮೇಲಾದರೆ ಪೂರ್ತಿ ಗಾಳಿಯೇ ಅಡ್ಡಗಾಳಿ. ಇದು ತ್ರಿಕೋನಮಿತಿಯ ನಿಖರ ಉತ್ತರವಲ್ಲ. ಆದರೆ ಅಂತರ 30 ದಾಟಿದ ಮೇಲೆ ನಿಜಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಕಷ್ಟದ ಗಾಳಿಗಳೆಲ್ಲ ಅಲ್ಲೇ ಇರುವುದರಿಂದ ತಪ್ಪಿದರೂ ಸುರಕ್ಷಿತ ಕಡೆಗೇ ತಪ್ಪುತ್ತದೆ.

ಮಂಗಳೂರಿನದೇ ಒಂದು ಉದಾಹರಣೆ ಮಾಡೋಣ. ಜುಲೈಯ ಮಧ್ಯಾಹ್ನ, ರನ್‌ವೇ 24, ಗಾಳಿ 290 ಡಿಗ್ರಿ, 18 ನಾಟ್, ಗಸ್ಟ್ 29. ರನ್‌ವೇ ದಿಕ್ಕು 240, ಅಂತರ 50. ಗಡಿಯಾರದಲ್ಲಿ 50 ನಿಮಿಷ ಎಂದರೆ ಆರರಲ್ಲಿ ಐದು ಪಾಲು. 18ಕ್ಕೆ 15 ನಾಟ್, ಗಸ್ಟ್‌ನ 29ಕ್ಕೆ 24 ನಾಟ್. ನಿಖರವಾಗಿ ಹಾಕಿದರೆ ಸುಮಾರು 14 ಮತ್ತು 22. ಒದ್ದೆ ರನ್‌ವೇಗೆ ನಿಮ್ಮ ಕಂಪನಿಯ ಮಿತಿ 20 ಇದ್ದರೆ, ಸರಾಸರಿ ಗಾಳಿಯಲ್ಲಿ ನೀವು ಒಳಗಿದ್ದೀರಿ, ಹೊಡೆತ ಬಂದಾಗ ಹೊರಗಿದ್ದೀರಿ. ಗಸ್ಟ್‌ನ ಪ್ರಶ್ನೆಯನ್ನು ಮೊದಲೇ ತೀರಿಸಿ ಎಂದದ್ದು ಇದಕ್ಕೆ.

ಬೆನ್ನುಗಾಳಿಗೆ ಅದೇ ಗಡಿಯಾರವನ್ನು ತಿರುಗಿಸಿ ಬಳಸಬೇಕು. ಗಾಳಿ ನೇರ ಅಡ್ಡದಿಂದ ಎಷ್ಟು ಡಿಗ್ರಿ ಬೆನ್ನಿನ ಕಡೆಗೆ ಸರಿದಿದೆ ಎಂಬುದನ್ನು ನಿಮಿಷವೆಂದುಕೊಳ್ಳಿ. ಆರಂಭದಲ್ಲಿ ಹೇಳಿದ 080 ಡಿಗ್ರಿ, 11 ನಾಟ್ ತೆಗೆದುಕೊಳ್ಳಿ. 240ರಿಂದ ಅಂತರ 160, ಅಂದರೆ ಅಡ್ಡದಿಂದ 70 ಡಿಗ್ರಿ ಬೆನ್ನಿಗೆ ಸರಿದಿದೆ. 60 ದಾಟಿತು, ಹಾಗಾಗಿ ಪೂರ್ತಿ 11 ಬೆನ್ನುಗಾಳಿ. ನಿಖರವಾಗಿ 10.3. ಯಾವ ದಾರಿಯಲ್ಲಿ ಬಂದರೂ ಮಿತಿ ದಾಟಿದೆ.

0.3 ನಾಟ್‌ಗೆ ಇಷ್ಟೊಂದು ಜಗಳವೇ ಎಂದು ಯಾರಾದರೂ ಕೇಳಬಹುದು. ವಿಮಾನದ ಅಪ್ರೋಚ್ ವೇಗ, ಅಂದರೆ ಇಳಿಯಲು ಬರುವ ವೇಗ, 140 ನಾಟ್ ಎಂದಿಟ್ಟುಕೊಳ್ಳಿ. 10 ನಾಟ್ ಎದುರುಗಾಳಿ ಇದ್ದರೆ ನೆಲದ ಲೆಕ್ಕದಲ್ಲಿ ಅದು 130ರಲ್ಲಿ ಬರುತ್ತದೆ, 10 ನಾಟ್ ಬೆನ್ನುಗಾಳಿ ಇದ್ದರೆ 150ರಲ್ಲಿ. ಬ್ರೇಕ್ ತಿನ್ನಬೇಕಾದ ಶಕ್ತಿ ವೇಗದ ವರ್ಗದಷ್ಟು ಏರುತ್ತದೆ. 130ಕ್ಕೂ 150ಕ್ಕೂ ನಡುವೆ ಅದು ಸುಮಾರು ಮೂರನೇ ಒಂದು ಪಾಲು ಹೆಚ್ಚು. ಇಳಿಯುವ ದರವೂ ಬದಲಾಗುತ್ತದೆ: ಮೂರು ಡಿಗ್ರಿ ಇಳಿಜಾರಿಗೆ ನೆಲದ ವೇಗವನ್ನು ಐದರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಡಿ ಎಂದು ಸಿಗುತ್ತದೆ. 650 ಇದ್ದದ್ದು 750 ಆಗುತ್ತದೆ. ವಿಮಾನ ನೆಲದ ಹತ್ತಿರ ಕೂರಲೊಲ್ಲದೆ ತೇಲಿಕೊಂಡು ಹೋಗುತ್ತದೆ. ತೇಲಿದ ಒಂದೊಂದು ಸೆಕೆಂಡಿಗೂ ಎಪ್ಪತ್ತು ಎಂಬತ್ತು ಮೀಟರ್ ರನ್‌ವೇ ಹಿಂದಕ್ಕೆ ಹೋಯಿತು. 2450 ಮೀಟರಿನಲ್ಲಿ ಅದನ್ನು ಎಷ್ಟು ಸಲ ಕೊಡಲು ನಿಮ್ಮಲ್ಲಿದೆ?

ಟ್ಯಾಬ್ಲೆಟ್‌ನ ಲೆಕ್ಕದಲ್ಲಿ ನಾನು ಮತ್ತೆ ಮತ್ತೆ ಕಂಡ ತಪ್ಪೊಂದಿದೆ. ಒಬ್ಬರು ಗಾಳಿ, ತೂಕ, ರನ್‌ವೇ ಸ್ಥಿತಿ ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾರೆ, ಇಬ್ಬರೂ ಅದನ್ನೇ ಒತ್ತುತ್ತಾರೆ. ಉತ್ತರ ಒಂದೇ ಬರುತ್ತದೆ, ಇಬ್ಬರಿಗೂ ಸಮಾಧಾನ. ಓದಿದವರು 080 ಎನ್ನುವ ಬದಲು 280 ಎಂದಿದ್ದರೆ? ಎರಡೂ ಟ್ಯಾಬ್ಲೆಟ್‌ಗೆ ಒಂದೇ ತಪ್ಪು ಹೋಯಿತು. ಮೂಲ ಚೀಟಿ ನೋಡಿ ತಾವು ತಾವೇ ಒತ್ತಬೇಕು, ಉತ್ತರ ಬಂದ ಮೇಲಷ್ಟೇ ತಾಳೆ ನೋಡಬೇಕು. ಹಾರಿಸುವವರು ಲೆಕ್ಕಕ್ಕೆ ಕೈಹಾಕುವ ಮೊದಲು ವಿಮಾನವನ್ನು ಬಾಯಿಬಿಟ್ಟು ಇನ್ನೊಬ್ಬರಿಗೆ ಒಪ್ಪಿಸಬೇಕು. ಇಬ್ಬರೂ ತಲೆ ತಗ್ಗಿಸಿ ಒತ್ತುತ್ತಿರುವ ಕಾಕ್‌ಪಿಟ್ ನನಗೆ ಬಹಳ ಕಳವಳ ಕೊಡುವ ನೋಟ.

ಹಂತ 4: ಏನು ಮಾಡುತ್ತೇವೆಂದು ಬಾಯಿಬಿಟ್ಟು ಹೇಳಿ

ಇಳಿಯುವ ಮೊದಲು ಇಬ್ಬರೂ ಮಾತಾಡಿಕೊಳ್ಳುವ ಅಪ್ರೋಚ್ ಬ್ರೀಫಿಂಗ್‌ನಲ್ಲಿ ಹಾರಿಸುವವರು "ಗಾಳಿ ನೋಡ್ಕೊಳ್ಳೋಣ" ಎಂದರೆ ಏನೂ ಹೇಳಿದಂತಾಗಲಿಲ್ಲ. ಸಂಖ್ಯೆಯೂ ಬೇಕು, ಅದು ದಾಟಿದರೆ ಮಾಡುವ ಕೆಲಸವೂ ಬೇಕು. "ಬೆನ್ನುಗಾಳಿ 10 ದಾಟಿದರೆ ಗೋ ಅರೌಂಡ್. ಆಮೇಲೆ ಎದುರು ತುದಿಯ ರನ್‌ವೇ 06 ಕೇಳೋಣ. ಇಷ್ಟು ಇಂಧನಕ್ಕೆ ಬಂದರೆ ಕಾಯದೆ ಕಣ್ಣೂರಿಗೋ ಬೆಂಗಳೂರಿಗೋ ಹೋಗೋಣ." ಹೀಗೆ.

ಕ್ಯಾಪ್ಟನ್ ಆದವರು ಇನ್ನೊಂದು ಮಾತು ಸೇರಿಸಬೇಕು: "ನೀವು ಗೋ ಅರೌಂಡ್ ಎಂದರೆ ನಾನು ಕಾರಣ ಕೇಳುವುದಿಲ್ಲ, ಮೊದಲು ಮೇಲೇರುತ್ತೇನೆ." ಈ ಒಂದು ವಾಕ್ಯ ಬಲಗಡೆ ಕೂತವರ ಎದೆಯ ಮೇಲಿನ ಕಲ್ಲು ಇಳಿಸುತ್ತದೆ. ನಮ್ಮಲ್ಲಿ ಹಿರಿಯರಿಗೆ ಎದುರುತ್ತರ ಕೊಡಬಾರದೆಂದು ಹೇಳಿಕೊಟ್ಟೇ ಬೆಳೆಸುತ್ತಾರೆ. ಮನೆಯಲ್ಲಿ ಅದು ಚೆಂದ. ಕಾಕ್‌ಪಿಟ್‌ನಲ್ಲಿ ಅದನ್ನು ಸಡಿಲಿಸಬೇಕಾದವರು ಹಿರಿಯರೇ, ಕಿರಿಯರಿಂದ ಆ ಕೆಲಸ ಆಗುವುದಿಲ್ಲ.

ದಣಿವಾಗಿದ್ದರೆ ಅದನ್ನೂ ಇಲ್ಲೇ ಹೇಳಿ. ರಾತ್ರಿಯಿಡೀ ಹಾರಿ ಬೆಳಗಿನ ಜಾವ ಇಳಿಯುವಾಗ 8 ಎಂಬುದು 3 ಆಗಿ ಕಾಣುವ ಹೊತ್ತು ಬರುತ್ತದೆ.

ಹಂತ 5: ಇಳಿಯುತ್ತಾ ಎರಡು ಗಾಳಿಗಳನ್ನು ನೋಡಿ

ಕಾಕ್‌ಪಿಟ್‌ನ ಪರದೆಯ ಮೇಲೆ ಒಂದು ಗಾಳಿ ಕಾಣುತ್ತದೆ. ಅದು ವಿಮಾನ ಇರುವ ಎತ್ತರದ ಗಾಳಿ, ಯಂತ್ರ ಲೆಕ್ಕ ಹಾಕಿ ತೋರಿಸುವಂಥದ್ದು. ಟವರ್ ಹೇಳುವುದು ನೆಲದ ಹತ್ತಿರದ ಗಾಳಿ. ಇಳಿಯುವ ಮಿತಿಯನ್ನು ಟವರ್‌ನ ಗಾಳಿಗೆ ಹೋಲಿಸಬೇಕು, ಎಚ್ಚರಿಕೆಯನ್ನು ಪರದೆಯಿಂದ ಪಡೆಯಬೇಕು. ಟವರ್ 6 ಎಂದರೂ 1500 ಅಡಿಯಲ್ಲಿ ಪರದೆ 18 ಬೆನ್ನುಗಾಳಿ ತೋರಿಸುತ್ತಿದ್ದರೆ, ಆ 12 ನಾಟ್ ವ್ಯತ್ಯಾಸ ದಾರಿಯಲ್ಲಿ ಎಲ್ಲೋ ಕಾದು ಕೂತಿದೆ. ವೇಗ ಇಳಿಯಲೊಲ್ಲದು, ವಿಮಾನ ಇಳಿಯಬೇಕಾದ ಇಳಿಜಾರಿಗಿಂತ ಎತ್ತರದಲ್ಲೇ ಉಳಿಯುತ್ತದೆ. ಕಾಯುವವರು ಇದನ್ನು ಹೇಳಬೇಕು: "ಮೇಲೆ ಬೆನ್ನುಗಾಳಿ 18, ಕೆಳಗೆ 6."

1000 ಅಡಿಯಲ್ಲಿ ಎಲ್ಲವೂ ಒಂದು ಹದಕ್ಕೆ ಬಂದಿರಬೇಕು: ವೇಗ, ಇಳಿಯುವ ದರ, ರೆಕ್ಕೆಯ ಫ್ಲಾಪ್, ಚಕ್ರ, ಎಂಜಿನ್ನಿನ ಬಲ. ಹವೆ ತಿಳಿಯಾಗಿದ್ದರೆ 500 ಅಡಿಯವರೆಗೆ ಬಿಡುವ ಕಂಪನಿಗಳಿವೆ. ಬಂದಿಲ್ಲವಾದರೆ ಗೋ ಅರೌಂಡ್, ಚರ್ಚೆ ಇಲ್ಲ.

ಟವರ್ ಇಳಿಯಲು ಅನುಮತಿ ಕೊಡುವಾಗ ಗಾಳಿಯನ್ನೂ ಹೇಳುತ್ತದೆ. ಅನುಮತಿ ಎಂದರೆ ರನ್‌ವೇ ಖಾಲಿ ಇದೆ, ನಿಮ್ಮ ಸರದಿ ಬಂದಿದೆ ಎಂದು. ಗಾಳಿ ನಿಮ್ಮ ಮಿತಿಯೊಳಗಿದೆ ಎಂದು ಅಲ್ಲ. ನಿಮ್ಮ ಕಂಪನಿಯ ಮಿತಿ ಎಷ್ಟೆಂದು ಟವರ್‌ನಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಹೊಸಬರು ಇದನ್ನು ಬಹಳ ಸಲ ಬೆರೆಸಿಬಿಡುತ್ತಾರೆ. ಟವರ್‌ನ ಮಾತು ಕಿವಿಗೆ ಬಿದ್ದ ಕೂಡಲೇ ಕಾಯುವವರು ಲೆಕ್ಕ ಹಾಕಿ "ಬೆನ್ನುಗಾಳಿ 6, ಮಿತಿ 10" ಎನ್ನಬೇಕು. ಹಾರಿಸುವವರು "ಚೆಕ್ಡ್" ಎಂದು ತೇಲಿಸದೆ "6" ಎಂದು ಸಂಖ್ಯೆಯನ್ನೇ ತಿರುಗಿ ಹೇಳಬೇಕು. ಸಂಖ್ಯೆ ಹೇಳಿದವರು ಅದನ್ನು ನಿಜವಾಗಿ ಕೇಳಿಸಿಕೊಂಡಿರುತ್ತಾರೆ. ಅನುಮಾನ ಇದ್ದರೆ ಟವರ್‌ನಲ್ಲಿ ಇನ್ನೊಮ್ಮೆ ಗಾಳಿ ಕೇಳಿ, ಅದಕ್ಕೆ ಯಾರೂ ಬೇಸರ ಮಾಡುವುದಿಲ್ಲ. ಹತ್ತಿರ ಬಂದ ಮೇಲೆ ರನ್‌ವೇ ಪಕ್ಕದ ಗಾಳಿಚೀಲದ ಮೇಲೂ ಒಮ್ಮೆ ಕಣ್ಣು ಹಾಯಿಸಿ.

ಹಂತ 6: ಮಿತಿ ದಾಟಿದಾಗ ಬಾಯಿಂದ ಬರಬೇಕಾದ ಮಾತು

ಕಷ್ಟದ ಹಂತ ಇದೇ.

ಒಮ್ಮೆ ಸಿಮ್ಯುಲೇಟರಿನಲ್ಲಿ ಉಡುಪಿ ಕಡೆಯ ಒಬ್ಬ ಹುಡುಗ ಬಲಗಡೆ ಕೂತಿದ್ದ. ಕ್ಯಾಪ್ಟನ್ ಪಾತ್ರ ನನ್ನದು. ಲೆಕ್ಕದಲ್ಲಿ ಬಹಳ ಚುರುಕು, ಬ್ರೀಫಿಂಗ್‌ನಲ್ಲಿ ಮಿತಿ 10 ಎಂದು ಅವನೇ ಬರೆದಿದ್ದ. 400 ಅಡಿಯಲ್ಲಿ ಗಾಳಿ 080 ಡಿಗ್ರಿ, 13 ನಾಟ್ ಆಗುವಂತೆ ಮೊದಲೇ ಹೊಂದಿಸಿಟ್ಟಿದ್ದೆವು. ಟವರ್‌ನ ದನಿ ಬಂತು. ನಾನು ಬೇಕೆಂದೇ ಸುಮ್ಮನಿದ್ದು ಇಳಿಸುತ್ತಾ ಹೋದೆ. ಓರೆಗಣ್ಣಲ್ಲಿ ನೋಡಿದರೆ ಅವನ ಹೆಬ್ಬೆರಳು ಮೊಣಕಾಲ ಮೇಲಿನ ಚೀಟಿಯಲ್ಲಿ ತಾನೇ ಬರೆದ 10ರ ಮೇಲೆ ಒತ್ತಿ ಕೂತಿತ್ತು, ಉಗುರು ಬಿಳಿಚಿತ್ತು. ಗಂಟಲು ಒಮ್ಮೆ ಏರಿ ಇಳಿಯಿತು. "ಸರ್, ಗಾಳಿ ಸ್ವಲ್ಪ ಜಾಸ್ತಿ ಆದ ಹಾಗೆ ಉಂಟು" ಎಂದ. ಅಷ್ಟೇ. ಚಕ್ರ ರನ್‌ವೇ ಮುಟ್ಟಿತು, ಬಹಳ ದೂರದಲ್ಲಿ.

ಆಮೇಲೆ ಕೇಳಿದೆ: "ಯಾಕೆ ಮಾರಾಯ, 13 ಅಂತ ಹೇಳಲಿಲ್ಲ?"

"ನಿಮಗೆ ಕಂಡಿರ್ತದೆ ಅಂತ ಎಣಿಸಿದೆ ಸರ್."

ಆ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಇನ್ನೊಬ್ಬರಿಗೆ ಕಂಡಿರುತ್ತದೆ ಎಂದು ಇಬ್ಬರೂ ಎಣಿಸಿದರೆ ಅಲ್ಲಿಗೆ ನೋಡುವವರು ಯಾರೂ ಇಲ್ಲವೆಂದಾಯಿತು. ಅವನಿಗೆ ಸಂಖ್ಯೆಯೂ ಗೊತ್ತಿತ್ತು, ಮಿತಿಯೂ ಗೊತ್ತಿತ್ತು, ಮಾಡಬೇಕಾದದ್ದೂ ಗೊತ್ತಿತ್ತು. ಅದನ್ನು ನಯವಾಗಿ ಹೇಳಲು ಹೋಗಿ "ಸ್ವಲ್ಪ", "ಹಾಗೆ ಉಂಟು" ಎಂಬ ಮಾತುಗಳಲ್ಲಿ ಕಳೆದುಕೊಂಡ.

ಹಾಗಾಗಿ ಮಾತನ್ನು ಮೊದಲೇ ಕಟ್ಟಿಟ್ಟುಕೊಳ್ಳಿ. ಮೇಲೆ ಸಮಯ ಇರುವಾಗ ಪ್ರಶ್ನೆಯಾಗಿ ಕೇಳಬಹುದು: "ಸರ್, ಬೆನ್ನುಗಾಳಿ ಏರುತ್ತಿದೆ, ಈಗ 9, ಗಮನಿಸಿದಿರಾ?" ಇನ್ನೂ ಏರಿದರೆ ಎಚ್ಚರಿಕೆ: "ಬೆನ್ನುಗಾಳಿ 10, ಮಿತಿಯಲ್ಲಿದ್ದೇವೆ." ದಾಟಿದರೆ ಎರಡೇ ತುಂಡು: "ಟೇಲ್‌ವಿಂಡ್ 13. ಗೋ ಅರೌಂಡ್." ಸರ್ ಬೇಡ, ಸ್ವಲ್ಪ ಬೇಡ. 500 ಅಡಿಯ ಕೆಳಗೆ ಮೊದಲ ಮೆಟ್ಟಿಲುಗಳಿಗೆ ಸಮಯ ಇಲ್ಲ, ನೇರವಾಗಿ ಕೊನೆಯದಕ್ಕೆ ಹೋಗಿ. ಹಾರಿಸುವವರು ಆ ಕ್ಷಣ ಕಾರಣ ಕೇಳಬಾರದು, ಟವರ್‌ನಲ್ಲಿ ಮರುವಿಚಾರಣೆ ಮಾಡಬಾರದು. ಬಲ ಕೊಟ್ಟು ಮೇಲೇರಬೇಕು.

ಹಂತ 7: ಹೇಳಿದರೂ ಕೇಳದಿದ್ದರೆ

ಹೇಳಿದ್ದಕ್ಕೆ ಹೊಣೆ ಮುಗಿಯಿತೇ? ನಮ್ಮ ಪಕ್ಕದಲ್ಲೇ ನಡೆದ ಎರಡು ದುರಂತಗಳ ತನಿಖೆ ಇದಕ್ಕೆ ಉತ್ತರ ಕೊಟ್ಟಿದೆ.

2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ನಮ್ಮ ರನ್‌ವೇ 24ರ ತುದಿ ದಾಟಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ 158 ಜನ ಹೋದರು, 8 ಮಂದಿ ಉಳಿದರು. ಅಂದು ಗಾಳಿಯ ತೊಂದರೆ ಏನೂ ಇರಲಿಲ್ಲ. ವಿಮಾನ ಬಹಳ ಎತ್ತರದಲ್ಲಿ ಬಂದಿತ್ತು, ಇಳಿಜಾರು ಕಡಿದಾಗಿತ್ತು, ಚಕ್ರ ನೆಲ ಮುಟ್ಟಿದ್ದು ರನ್‌ವೇ ಆರಂಭದಿಂದ ಸುಮಾರು 5200 ಅಡಿ ಆಚೆ. ಉಳಿದದ್ದು 2800 ಅಡಿ ಮಾತ್ರ. ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್ ಎಂದಿದ್ದರು. ಆ ಕರೆಗಳನ್ನೂ ಯಂತ್ರದ ಎಚ್ಚರಿಕೆಗಳನ್ನೂ ಮೀರಿ ಕ್ಯಾಪ್ಟನ್ ಇಳಿಸಲು ಮುಂದುವರಿದದ್ದೇ ಕಾರಣ ಎಂದು ತನಿಖೆ ಹೇಳಿತು. ಆ ಕ್ಯಾಪ್ಟನ್ ಹಾರಾಟದಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು ಎಂಬುದೂ ವರದಿಯಲ್ಲಿದೆ. ಕೂಳೂರಿನಲ್ಲಿರುವ ಆ ದುರಂತದ ಸ್ಮಾರಕದ ಮುಂದೆ ಹಾದುಹೋಗುವಾಗಲೆಲ್ಲ ಆ ಮೂರು ಕರೆಗಳು ನನ್ನ ಕಿವಿಯಲ್ಲಿ ಕೇಳಿದಂತಾಗುತ್ತದೆ.

ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರ ಸಂಜೆ, ಕಲ್ಲಿಕೋಟೆಯ ಕರಿಪುರದಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ 1344. ಅದೂ ಗುಡ್ಡದ ನೆತ್ತಿಯ ರನ್‌ವೇ, ಜೋರು ಮಳೆ. ರನ್‌ವೇ 28ಕ್ಕೆ ಮೊದಲ ಯತ್ನ ಕೈಬಿಟ್ಟು, ಎರಡನೆಯ ಸಲ ಎದುರು ತುದಿಯ 10ಕ್ಕೆ ಬಂದರು, ಬೆನ್ನುಗಾಳಿಯಲ್ಲಿ. 8858 ಅಡಿಯ ರನ್‌ವೇಯಲ್ಲಿ ಚಕ್ರ ಮುಟ್ಟಿದ್ದು 4438 ಅಡಿಯಲ್ಲಿ, ಸರಿಯಾಗಿ ಅರ್ಧಕ್ಕೆ. 21 ಮಂದಿ ತೀರಿಕೊಂಡರು. ಅಲ್ಲಿಯೂ ಕಾಯುವವರು ಗೋ ಅರೌಂಡ್ ಎಂದಿದ್ದರು. ತನಿಖಾ ವರದಿ ಹಾರಿಸುವವರ ತಪ್ಪು ಹೇಳಿ ಅಲ್ಲಿಗೇ ನಿಲ್ಲಲಿಲ್ಲ. ಕಾಯುವವರು ನಿಯಂತ್ರಣ ತೆಗೆದುಕೊಂಡು ತಾವೇ ಗೋ ಅರೌಂಡ್ ಮಾಡದೇ ಇದ್ದದ್ದನ್ನೂ ಸಂಭವನೀಯ ಕಾರಣದಲ್ಲೇ ಸೇರಿಸಿತು.

ಹೇಳುವುದಕ್ಕೇ ಗಂಟಲು ಕಟ್ಟುವ ಜಾಗದಲ್ಲಿ ಕೈಹಾಕುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದ್ದರಿಂದಲೇ ಇದಕ್ಕೆ ಮುಂಚಿತವಾಗಿ ನಿಯಮ ಬೇಕು. ಹಲವು ಕಂಪನಿಗಳಲ್ಲಿ ಇರುವುದು ಎರಡು ಕರೆಯ ನಿಯಮ: ಎರಡು ಸಲ ಹೇಳಿದರೂ ಸರಿಯಾದ ಉತ್ತರವಾಗಲಿ ಕೆಲಸವಾಗಲಿ ಕಾಣದಿದ್ದರೆ, ಹಾರಿಸುವವರು ಅಸ್ವಸ್ಥರಾಗಿದ್ದಾರೆ ಎಂದೇ ತಿಳಿದು ನಿಯಂತ್ರಣ ತೆಗೆದುಕೊಳ್ಳಬೇಕು. ಇದು ಅವಿಧೇಯತೆ ಅಲ್ಲ. ಎದೆನೋವು ಬಂದು ಮಾತು ನಿಂತವರಿಗೂ, ಇಳಿಸಲೇಬೇಕೆಂಬ ಹಟದಲ್ಲಿ ಕಿವಿ ಮುಚ್ಚಿಹೋದವರಿಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ.

ಮಾಡುವ ಬಗೆ: "ಐ ಹ್ಯಾವ್ ಕಂಟ್ರೋಲ್" ಎಂದು ಗಟ್ಟಿಯಾಗಿ, ಒಂದೇ ಉಸಿರಿಗೆ ಹೇಳಿ. ಅದರ ಜೊತೆಗೇ ಥ್ರಸ್ಟ್, ಅಂದರೆ ಎಂಜಿನ್ ಬಲದ ಹಿಡಿ, ಮುಂದಕ್ಕೆ ತಳ್ಳಿ. ಏರ್‌ಬಸ್ ಆದರೆ ಹಾರಿಸುವ ಹಿಡಿಯಾದ ಸೈಡ್‌ಸ್ಟಿಕ್‌ನ ಕೆಂಪು ಗುಂಡಿ ಒತ್ತಿ ಹಿಡಿದಿರಿ, ಇಲ್ಲವಾದರೆ ಇಬ್ಬರ ಕೈಯ ಆಜ್ಞೆಗಳೂ ಕೂಡಿಕೊಳ್ಳುತ್ತವೆ. ಎಡಗಡೆಯವರು ಆ ಕ್ಷಣ ಕೈ ಬಿಡಬೇಕು, ವಾದ ಮೇಲೆ ಹೋಗಿ ಮಾಡಲಿ. ಇದಕ್ಕೊಂದು ಗಡಿ ಇದೆ: ನೆಲ ಮುಟ್ಟಿ ರಿವರ್ಸ್ (ವಿಮಾನ ನಿಲ್ಲಿಸಲು ಎಂಜಿನ್ನಿನ ಬಲವನ್ನು ತಿರುಗಿಸುವುದು) ಎಳೆದ ಮೇಲೆ ಗೋ ಅರೌಂಡ್ ಇಲ್ಲ. 2010ರಲ್ಲಿ ಆ ಯತ್ನವೂ ನಡೆದಿತ್ತು. ರಿವರ್ಸ್ ಹಾಕಿದ ಮೇಲೆ ಇಬ್ಬರ ಕೆಲಸವೂ ನಿಲ್ಲಿಸುವುದೊಂದೇ.

ಹಂತ 8: ಮೇಲೇರಿದ ಮೇಲೆ

ಗೋ ಅರೌಂಡ್ ಮಾಡಿ ಮೇಲೆ ಹೋದಾಗ ಕಾಕ್‌ಪಿಟ್‌ನಲ್ಲಿ ಒಂದು ಅವಸರ ಹುಟ್ಟುತ್ತದೆ. ಹಿಂದೆ ಪ್ರಯಾಣಿಕರು ಹೆದರಿದ್ದಾರೆ, ಇಂಧನ ಇಳಿಯುತ್ತಿದೆ, ಎದುರು ತುದಿಯಿಂದ ಬೇಗ ಇಳಿದುಬಿಡೋಣ ಎನಿಸುತ್ತದೆ. ಈ ಹೊತ್ತಿನಲ್ಲಿ ಕಾಯುವವರು ಹೇಳಬೇಕಾದ ಮಾತು: "ಹಂತ ಒಂದರಿಂದ ಮತ್ತೆ." ಹೊಸ ರನ್‌ವೇ ಎಂದರೆ ಹೊಸ ಗಾಳಿ ಲೆಕ್ಕ, ಹೊಸ ಉದ್ದದ ಲೆಕ್ಕ, ಹೊಸ ಬ್ರೀಫಿಂಗ್. ಹಳೆಯ ಚೀಟಿ ಹರಿದುಹಾಕಿ ಹೊಸದು ಬರೆಯಿರಿ. ಸಮಯ ಸಾಲದಿದ್ದರೆ ಟವರ್‌ನಲ್ಲಿ ಕೇಳಿ ಒಂದು ಸುತ್ತು ಹೆಚ್ಚು ಹಾಕಿ. ಬ್ರೀಫಿಂಗ್‌ನಲ್ಲಿ ಹೇಳಿದ ಇಂಧನಕ್ಕೆ ಬಂದಿದ್ದರೆ ಇನ್ನೊಂದು ಯತ್ನದ ಆಸೆ ಬಿಟ್ಟು ಹೊರಡಿ.

ಪ್ರಯಾಣಿಕರಿಗೆ ಕ್ಯಾಪ್ಟನ್ ಎರಡು ಮಾತು ಹೇಳಲಿ, ಗಾಳಿ ಮಿತಿ ದಾಟಿತ್ತು, ನಿಯಮದಂತೆ ಮೇಲೇರಿದ್ದೇವೆ ಎಂದು. ಇಳಿದ ಮೇಲೆ ವರದಿ ಬರೆಯುವಾಗ ಗೋ ಅರೌಂಡ್ ಎಂದು ಮೊದಲು ಹೇಳಿದವರು ಯಾರೆಂದು ಬರೆಯಲಿ. ಕಿರಿಯರು ಹೇಳಿದ್ದಾದರೆ ಎಲ್ಲರೆದುರು ಬೆನ್ನು ತಟ್ಟಲಿ. ಮುಂದಿನ ಸಲ ಅವರ ಗಂಟಲು ಕಟ್ಟುವುದಿಲ್ಲ.

ಇನ್ನು ಆರಂಭದ ಆ ಬೆಳಗಿನ ಜಾವದ ವಿಮಾನ. ಬೆನ್ನುಗಾಳಿ 10 ದಾಟಿದೆ ಎಂದು ಬಲಗಡೆಯವರು ಹೇಳಿದರು, ಎಡಗಡೆಯವರು ಮೇಲೇರಿಸಿದರು. ಈಗ ರನ್‌ವೇ 06ರ ಲೆಕ್ಕ ಹಾಕಿ: ಗಾಳಿ 080, ರನ್‌ವೇ 060, ಅಂತರ 20. ಅದೇ 11 ನಾಟ್ ಈಗ ಸುಮಾರು 10 ಎದುರುಗಾಳಿ, 4 ಅಡ್ಡಗಾಳಿ. ಇಬ್ಬರೂ ಬೇರೆ ಬೇರೆ ಒತ್ತಿ ನೋಡಿದರು. ಎರಡೂ ಟ್ಯಾಬ್ಲೆಟ್‌ನಲ್ಲಿ ಒಂದೇ ಉತ್ತರ ಬಂತು.